ಪೆಟ್ಟಿಗೆಯಲ್ಲಿಟ್ಟ ಪ್ರಸಾದ

ಕೋಪರಖೈರಣೆ
22-11-2009

ತಂಗಿ ನಳಿನಾಕ್ಷಿಗೆ ಅಣ್ಣ ಪೂವಪ್ಪನ ಆಶೀರ್ವಾದ.

ನಿನ್ನೆ ಕೆಟ್ಟ ಕನಸು ಬಿತ್ತು. ನಮ್ಮ ಪ್ಯಾಕಿಂಗ್ ವರ್ಕ್‌ಶಾಪಿನಲ್ಲಿ ನಾನು ಒಂದು ದೊಡ್ಡ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದೆ. ಹೊಡೆದ ಹಾಗೆ ಒಳಗಿನಿಂದ ಯಾರೋ ನರಳುವುದು ಕೇಳ್ತದೆ. ನಿಲ್ಲಿಸು ಅಂತ ಮನಸ್ಸು ಹೇಳ್ತದೆ, ಕೈ ಕೇಳುವುದಿಲ್ಲ. ಹಲಗೆಯ ಸಂದಿನಿಂದ ರಕ್ತ ಇಳಿದು ನನ್ನ ಚಪ್ಪಲಿಗೆ ತಾಗಿತು. ಹಲಗೆ ಕಿತ್ತು ನೋಡಿದರೆ ನೀನು. ಬೈಕಿನ ಹ್ಯಾಂಡಲ್ ಬಿಚ್ಚಿ ಇಡ್ತೇವಲ್ಲ, ಹಾಗೆ ನಿನ್ನ ಎರಡೂ ಕೈ ಬಿಚ್ಚಿ, ಪ್ಲಾಸ್ಟಿಕ್ ಸುತ್ತಿ, ಪಕ್ಕದಲ್ಲಿ ಇಟ್ಟಿದ್ದರು. ಎಚ್ಚರ ಆದ ಮೇಲೆ ಬಚ್ಚಲ ಮೋರಿಗೆ ಹೋಗಿ ಕೈ ತೊಳೆದೆ. ಸಾಬೂನು ಹಾಕಿ ಮತ್ತೆ ತೊಳೆದೆ.

ಇಂಥ ಕನಸು ಯಾಕೆ ಬಿತ್ತು ಅಂತ ಗೊತ್ತುಂಟು. ನಿನ್ನ ಗಂಡ ಕಮಲಾಕ್ಷ ಬೈಕ್ ತಂದು ಬಿಟ್ಟು ಹೋದ. ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಕಳಿಸಬೇಕು, ಪೆಟ್ಟಿಗೆ ಭಾವನೇ ಮಾಡಲಿ ಅಂದ. ಕೊಟ್ಟ ಮನೆಯವ ಕೆಲಸ ತಂದದ್ದು, ನಾನು ಇಲ್ಲ ಅನ್ನುವ ಹಾಗಿಲ್ಲ. ನಮ್ಮ ಲೋಡಿಂಗಿನ ಅಂಬಾರಾಯ, ಕಲಬುರ್ಗಿ ಕಡೆಯವ, ಪಾಪ ಚಂದ ಉಂಟಲ್ಲ ಅಂತ ಟ್ಯಾಂಕಿನ ಮೇಲೆ ಬರಿಗೈ ಇಟ್ಟ. ಕಮಲಾಕ್ಷ ಅವನ ಕಪಾಳಕ್ಕೆ ಬಾರಿಸಿಯೇ ಬಿಟ್ಟ. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ನಗುತ್ತಾ ಹೇಳ್ತಾನೆ, "ಭಾವ, ನನ್ನ ಗಾಡಿಗೆ ಒಂದು ಗೀರು ಬಿದ್ದರೆ ನಿಮ್ಮ ತಂಗಿಗೂ ಒಂದು ಬೀಳ್ತದೆ. ಗಾಡಿ ಮೊದಲು ಬಂದದ್ದು, ಅವಳು ಆಮೇಲೆ." ಎಲ್ಲರೂ ನಕ್ಕರು. ನಾನೂ ನಕ್ಕೆ ನಳಿನಿ. ಆ ನಗು ಇನ್ನೂ ಬಾಯಿಯಲ್ಲಿ ಕಹಿಯಾಗಿ ಉಂಟು.

ದೀಪಾವಳಿಗೆ ಬಂದಾಗ ನಿನ್ನ ಮಣಿಕಟ್ಟು ಊದಿತ್ತು. ಬಚ್ಚಲಲ್ಲಿ ಜಾರಿದೆ ಅಂದೆ. ಬಚ್ಚಲಲ್ಲಿ ಜಾರಿದವರಿಗೆ ಐದು ಬೆರಳಿನ ಗುರುತು ಬೀಳುವುದು ಹೇಗೆ? ನಾನು ಐದನೇ ಕ್ಲಾಸು ದಾಟದವ, ಆದರೂ ಐದರವರೆಗೆ ಎಣಿಸಲಿಕ್ಕೆ ಬರ್ತದೆ. ಮಗಳನ್ನು ಕರಕೊಂಡು ಬಂದುಬಿಡು. ನಿನ್ನ ಮೊಬೈಲು ಅವ ದಿನಾ ನೋಡ್ತಾನೆ ಅಂತ ಇದನ್ನು ನೀನು ಬ್ಲೌಸ್ ಹೊಲಿಸುವ ಮಾಲಾ ಅವರ ಅಂಗಡಿಯ ವಿಳಾಸಕ್ಕೆ ಕಳಿಸ್ತಾ ಇದ್ದೇನೆ. ಓದಿ ಹರಿದು ಹಾಕು. ಚೂರುಗಳನ್ನು ಅಲ್ಲೇ ಬಿಡಬೇಡ, ಬೇರೆ ಬೇರೆ ಕಡೆ ಬಿಸಾಡು.

ಪೂವಪ್ಪ


ಡೊಂಬಿವಲಿ
28-11-2009

ಅಣ್ಣನಿಗೆ ನಳಿನಾಕ್ಷಿಯ ನಮಸ್ಕಾರ.

ನಿನ್ನ ಕನಸಿನಲ್ಲಿ ನಾನು ಸತ್ತರೆ ನನಗೆ ಆಯಸ್ಸು ಹೆಚ್ಚು. ಅಮ್ಮ ಹೇಳುತ್ತಿದ್ದದ್ದು ನೆನಪಿಲ್ಲವಾ?

ಕೈ ಗುಣವಾಗಿದೆ. ಜಾರಿದ್ದೇ. ಎರಡೆರಡು ಸಲ ಕೇಳಬೇಡ.

ಈಗ ಬರಲಿಕ್ಕೆ ಆಗುವುದಿಲ್ಲ. ಪ್ರೇಕ್ಷಾಳಿಗೆ ಮಾರ್ಚಿನಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆ. ನಾವು ಈಗ ಹೊರಟರೆ ಅವ ಮೊದಲು ಹೋಗುವುದು ಶಾಲೆಗೆ. ಗಣಪತಿಯ ಸಮಯದಲ್ಲಿ ನಾನು ಎದುರು ಮಾತಾಡಿದೆ ಅಂತ ಟ್ಯೂಷನ್ ಕ್ಲಾಸಿಗೆ ಹೋಗಿ, ಎಲ್ಲ ಮಕ್ಕಳ ಮುಂದೆ ಅವಳನ್ನು ಜಡೆ ಹಿಡಿದು ಎಳಕೊಂಡು ಬಂದಿದ್ದ. ಹುಡುಗಿ ನಾಲ್ಕು ದಿವಸ ಟ್ಯೂಷನ್ನಿಗೆ ಹೋಗಲಿಲ್ಲ. ಐದನೇ ದಿವಸ ಹೇಳಿದ್ದು ಒಂದೇ ಮಾತು, "ಮಮ್ಮಿ, ಎಕ್ಸಾಮ್ ಹೋನೇ ದೋ, ಫಿರ್ ಚಲೇಂಗೇ." ಪರೀಕ್ಷೆ ಮುಗಿಸಿಯೇ ಹೊರಡುವುದು ಅಂತ ಅವಳ ಹಠ.

ಅವ ಜನವರಿಯಲ್ಲಿ ವಿಮಾನ ಹತ್ತುತ್ತಾನೆ. ಬೈಕ್ ಕ್ಲಬ್ಬಿನ ಇಬ್ಬರ ಜೊತೆ ಆ ದೇಶವನ್ನು ಒಂದು ಸುತ್ತು ಹಾಕುವುದಂತೆ. ಏಪ್ರಿಲಿಗೆ ವಾಪಸು. ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ, ನಾವು ಈ ಮನೆಯಲ್ಲಿ ಇರುವುದಿಲ್ಲ. ಬೈಕ್ ಹೋದರೆ ಅವ ಹೋದ ಹಾಗೆ. ಬೈಕ್ ನಿಂತರೆ ಅವನೂ ಇಲ್ಲೇ. ಇಷ್ಟೇ ವಿಷಯ. ನಿನ್ನ ಸಿಟ್ಟು ಪಕ್ಕಕ್ಕಿಟ್ಟು ಪೆಟ್ಟಿಗೆ ಚೆನ್ನಾಗಿ ಮಾಡು. ಯಾವ ಕಾರಣಕ್ಕೂ ಅದು ನಿಲ್ಲಬಾರದು.

ತನ್ನ ಬಾರ್ ಮುಚ್ಚಿ ಬಂದು ರಾತ್ರಿಯೆಲ್ಲ ನಕ್ಷೆ ಹರಡಿಕೊಂಡು ಕೂತಿರುತ್ತಾನೆ. ಖುಷಿಯಲ್ಲಿದ್ದಾನೆ. ಈ ವಾರ ಒಂದೇ ಸಲ.

ನಳಿನಿ


ಕೋಪರಖೈರಣೆ
6-12-2009

ತಂಗಿ ನಳಿನಿಗೆ,

"ಈ ವಾರ ಒಂದೇ ಸಲ" ಅಂತ ಬರೆದದ್ದನ್ನು ಓದಿ ನನಗೆ ಊಟ ಸೇರಲಿಲ್ಲ. ಏನು ಒಂದೇ ಸಲ? ಎಲ್ಲಿಗೆ ಹೊಡೆದ? ಬರೆಯುವುದಾದರೆ ಪೂರ್ತಿ ಬರೆ, ಅರ್ಧ ಬರೆದರೆ ಉಳಿದರ್ಧವನ್ನು ನಾನೇ ತುಂಬಿಸಿಕೊಳ್ತೇನೆ, ಅದು ಇನ್ನೂ ಕೆಟ್ಟದಾಗಿರ್ತದೆ.

ಬೈಕ್ ಹೋಯಿತು. ನಿನ್ನೆ ಟ್ರಕ್ಕಿಗೆ ಏರಿಸಿದೆವು, ಬಂದರಿಗೆ ಮುಟ್ಟಿದೆ ಅಂತ ಏಜೆಂಟನ ಫೋನೂ ಬಂತು. ಆಸ್ಟ್ರೇಲಿಯಾದವರು ಭಾರೀ ಮಡಿಯವರಂತೆ. ಬೇರೆ ದೇಶದ ಮಣ್ಣು, ಬೀಜ, ಹುಲ್ಲು, ಹುಳ ಒಂದೂ ಬರಬಾರದು, ಕಂಡರೆ ಪೆಟ್ಟಿಗೆಯನ್ನೇ ತಡೆದು ಇಡ್ತಾರೆ ಅಂತ ಏಜೆಂಟ್ ಹತ್ತು ಸಲ ಹೇಳಿದ. ಅದಕ್ಕೆ ನಾನು ಎರಡು ದಿವಸ ಕೂತು ಹಲ್ಲುಜ್ಜುವ ಬ್ರಶ್ಶಿನಲ್ಲಿ ಟೈರಿನ ಗೆರೆಗೆರೆಯನ್ನೂ ಉಜ್ಜಿದೆ. ಇಂಜಿನಿನ ರೆಕ್ಕೆಗಳ ಮಧ್ಯೆ ಕಡ್ಡಿ ಹಾಕಿ ಮಣ್ಣು ತೆಗೆದೆ. ಪೆಟ್ರೋಲ್ ಖಾಲಿ ಮಾಡಿ, ಬ್ಯಾಟರಿ ವಯರ್ ಬಿಡಿಸಿ, ಮುಂದಿನ ಚಕ್ರ ಕಳಚಿ, ಬೆಲ್ಟಿನಿಂದ ಬಿಗಿದೆ. ಮರಕ್ಕೂ ಹುಳ ಸಾಯುವ ಶಾಖ ಕೊಡಿಸಿ ಅದರ ಮೊಹರು ಹೊಡೆಸಿದ್ದೇನೆ.

ಒಂದು ವಿಷಯ ನಿನಗೆ ಮಾತ್ರ ಹೇಳ್ತೇನೆ. ಚಕ್ರ ಕಳಚುವಾಗ ಬ್ರೇಕಿನ ಬೋಲ್ಟ್ ನನ್ನ ಕೈಯಲ್ಲಿತ್ತು. ಇದನ್ನು ಸ್ವಲ್ಪ ಸಡಿಲ ಬಿಟ್ಟರೆ ಅವ ಅಲ್ಲೇ ಯಾವುದೋ ರಸ್ತೆಯಲ್ಲಿ ತಲೆ ಒಡೆದು ಬೀಳ್ತಾನೆ, ಯಾರಿಗೆ ಗೊತ್ತಾಗ್ತದೆ ಅಂತ ಮನಸ್ಸಿಗೆ ಬಂತು. ಬಂದದ್ದಷ್ಟೇ ಅಲ್ಲ, ಬಂದು ಕೂತಿತು. ಅವನ ತಲೆ ಒಡೆಯುವ ಶಬ್ದ ಕೇಳಿದ ಹಾಗೆ ಆಯಿತು, ನನಗೆ ಒಳ್ಳೆಯದೇ ಅನಿಸಿತು. ಹೆದರಿ ಬೋಲ್ಟ್ ಬಿಗಿ ಮಾಡಿದೆ. ಪುನಃ ಬಿಗಿ ಮಾಡಿದೆ. ಆದರೂ ಇಂಥ ಯೋಚನೆ ತಾಗಿದ ಗಾಡಿ ಸಮುದ್ರ ದಾಟುವುದು ಹೇಗೆ, ನಡುವೆ ಏನಾದರೂ ಆದರೆ ನಿನ್ನ ಗತಿ ಎಂತ ಅಂತ ನಿದ್ದೆ ಬರಲಿಲ್ಲ. ಊರಿನ ದೈವದ ಪ್ರಸಾದ ನನ್ನ ಟ್ರಂಕಿನಲ್ಲಿತ್ತು. ಗಂಧ, ಅಡಿಕೆ ಹಿಂಗಾರದ ನಾಲ್ಕು ಎಸಳು, ಒಂದು ಹಿಡಿ ಅಕ್ಕಿ. ಕೆಂಪು ಬಟ್ಟೆಯಲ್ಲಿ ಕಟ್ಟಿ ಸೀಟಿನ ಅಡಿಗೆ ಇಟ್ಟೆ. ಅಂಬಾರಾಯ, "ಪೂವಪ್ಪಣ್ಣ, ಇದೂ ಹೋಗ್ತದೇನ್ರಿ?" ಅಂತ ಕೇಳಿದ. "ಪ್ರಸಾದ ಮಾರಾಯ, ಕಸವಾ ಇದು?" ಅಂದೆ. ಅವನೂ ಕೈ ಮುಗಿದ. ಇನ್ನು ಬೈಕ್ ನಿಲ್ಲುವುದಿಲ್ಲ.

ಪೂವಪ್ಪ


ಡೊಂಬಿವಲಿ
14-1-2010

ಅಣ್ಣ,

ಹೋದ.

ಮೊದಲ ದಿವಸ ಬೆಲ್ ಆದಾಗಲೆಲ್ಲ ಪ್ರೇಕ್ಷಾ ಪುಸ್ತಕ ಮುಚ್ಚುತ್ತಿದ್ದಳು. ಈಗ ಮುಚ್ಚುವುದಿಲ್ಲ. ನಿನ್ನೆ ಬಂಗುಡೆ ತಂದು ಹುರಿದೆ. ಎಣ್ಣೆ ಒಲೆಯ ಸುತ್ತ ಹಾರಿತು, ಒರೆಸಲಿಲ್ಲ, ಹಾಗೇ ಕೂತು ಇಬ್ಬರೂ ಕೈಯಲ್ಲೇ ಮುಳ್ಳು ಬಿಡಿಸಿ ತಿಂದೆವು. ಅವ ಇದ್ದಾಗ ಈ ಒಲೆಯ ಮೇಲೆ ನನ್ನ ಕೈಯನ್ನೇ ಒತ್ತಿ ಹಿಡಿದದ್ದುಂಟು. ಆಗ ಬರೆಯಲಿಲ್ಲ. ನೀನು ಉಳಿದರ್ಧ ತುಂಬಿಸಿಕೊಳ್ಳುತ್ತೀ ಅಂದೆಯಲ್ಲ, ಅದಕ್ಕೆ ಈಗ ಬರೆದೆ. ಗಾಯ ಮಾಯಿದೆ.

ಪ್ರಸಾದ ಇಟ್ಟದ್ದು ಒಳ್ಳೆಯದಾಯಿತು. ಹಡಗು ಸರಿಯಾಗಿ ಮುಟ್ಟಿತಂತೆ. ಇನ್ನು ಪೆಟ್ಟಿಗೆ ಬಿಡಿಸಿಕೊಂಡು ಹೊರಡುವುದೊಂದೇ ಬಾಕಿ. ನೀನು ದಿವಾ ಸ್ಟೇಷನ್ನಿನ ಹತ್ತಿರ ಒಂದು ಕೋಣೆ ನೋಡಿ ಇಡು. ಅಲ್ಲಿ ನಮ್ಮವರು ಯಾರೂ ಇಲ್ಲ, ಬಾರಿನವರೂ ಆ ಕಡೆ ಹೋಗುವುದಿಲ್ಲ.

ಮೊನ್ನೆ ಮಾಲಾ ಯಾವುದಕ್ಕೋ ನನ್ನನ್ನು ನಗಿಸಿದರು. ನಗುವಾಗ ಪಕ್ಕೆ ನೋಯುತ್ತದೆ, ಅದು ಹಳೆಯದು.

ನಳಿನಿ


ಡೊಂಬಿವಲಿ
31-1-2010

ಅಣ್ಣ,

ಅವ ವಾಪಸು ಬಂದಿದ್ದಾನೆ. ಗಾಡಿ ಇನ್ನೂ ಅಲ್ಲೇ ಇದೆ.

ಅಲ್ಲಿನ ತಪಾಸಣೆಯವರು ಸೀಟಿನ ಅಡಿಯಲ್ಲಿ ಅಕ್ಕಿ, ಒಣಗಿದ ಹೂವು ಸಿಕ್ಕಿತು ಅಂತ ಪೆಟ್ಟಿಗೆ ತಡೆದರಂತೆ. ಮತ್ತೆ ತೊಳೆಸಿ, ಮದ್ದಿನ ಹೊಗೆ ಕೊಟ್ಟು ಬಿಡುತ್ತೇವೆ, ಕಾಯಿರಿ ಅಂದರಂತೆ. ಕಾಯುವ ಜಾತಿ ಅಲ್ಲವಲ್ಲ ಅವನದ್ದು. ಅಧಿಕಾರಿಯ ಕಾಲರ್ ಹಿಡಿದು ಗೋಡೆಗೆ ದೂಡಿದ. ಪೊಲೀಸರು ಒಳಗೆ ಹಾಕಿ, ಆಮೇಲೆ ವಿಮಾನ ಹತ್ತಿಸಿದರು. ಜೊತೆಯವರು ಇಬ್ಬರೂ ಅವನನ್ನು ಬಿಟ್ಟು ಹೋದರು. ದಿನಾ ಕ್ಲಬ್ಬಿನವರಿಗೆ ಫೋಟೊ ಕಳಿಸುತ್ತಾರಂತೆ, ಇವ ಅದನ್ನು ನೋಡಿ ನೋಡಿ ನನ್ನ ಕಡೆ ತಿರುಗುತ್ತಾನೆ.

ಬಟ್ಟೆ ಯಾರು ಇಟ್ಟದ್ದು ಅಂತ ಕೇಳಿದ. ಗೊತ್ತಿಲ್ಲ ಅಂದೆ. ತುಂಬಾ ಹೊತ್ತು ಕೇಳಿದ.

ನಿನಗೂ ನನಗೂ ಅದು ಕಸ ಅಂತ ಹೊಳೆಯಲೇ ಇಲ್ಲ ನೋಡು. ನಾನೂ ಒಳ್ಳೆಯದಾಯಿತು ಅಂತಲೇ ಬರೆದವಳು. ಅದಕ್ಕೆ ನೀನು ತಲೆ ಚಚ್ಚಿಕೊಳ್ಳಬೇಡ, ಇಲ್ಲಿಗೆ ಬರಲೂಬೇಡ. ಪರೀಕ್ಷೆಗೆ ಹೆಚ್ಚು ದಿವಸ ಇಲ್ಲ. ತಡೆದುಕೊಳ್ಳುತ್ತೇನೆ.

ನಳಿನಿ


ಕೋಪರಖೈರಣೆ
16-2-2010

ತಂಗಿ ನಳಿನಿಗೆ ಆಶೀರ್ವಾದ. ಅಕ್ಷರ ಬೇರೆ ಕಂಡರೆ ಹೆದರಬೇಡ. ಕೈಗೆ ಸ್ವಲ್ಪ ಪೆಟ್ಟಾಗಿದೆ, ಹಲಗೆ ಬಿತ್ತು, ಅದಕ್ಕೆ ಅಂಬಾರಾಯನ ಹತ್ತಿರ ಬರೆಸ್ತಾ ಇದ್ದೇನೆ. ದಿವಾದಲ್ಲಿ ಇವನ ಚಾಳಿನ ಸಾಲುಮನೆಯಲ್ಲೇ ಕೋಣೆ ಸಿಕ್ಕಿದೆ. ಬಾಗಿಲು ಸರಿ ಇಲ್ಲ, ನಾನೇ ಹೋಗಿ ಮಾಡ್ತೇನೆ. ನಿನ್ನ ಗಂಡ ಇನ್ನು ನಿನ್ನ ಹತ್ತಿರ ಆ ಬಟ್ಟೆಯ ಸುದ್ದಿ ಎತ್ತುವುದಿಲ್ಲ. ಯಾಕೆ ಅಂತ ಕೇಳಬೇಡ. ಪ್ರೇಕ್ಷಾಳಿಗೆ ರಾತ್ರಿ ಹಾಲು ಕೊಡು. ಪರೀಕ್ಷೆಗೆ ಎರಡು ಪೆನ್ನು ಕೊಟ್ಟು ಕಳಿಸು, ಎರಡನ್ನೂ ಮನೆಯಲ್ಲೇ ಬರೆದು ನೋಡಲಿ.

ಪೂವಪ್ಪ

ಅಕ್ಕಾವ್ರೆ, ಇಲ್ಲಿಂದ ನಾ ಅಂಬಾರಾಯ ಬರಿಲಿಕತ್ತೀನ್ರಿ. ಅಣ್ಣಾವ್ರು ಚಾ ಕುಡಿಲಾಕ ಹೋಗ್ಯಾರ. ಹಲಗಿ ಗಿಲಗಿ ಏನೂ ಬಿದ್ದಿಲ್ರಿ. ನಿಮ್ಮ ಯಜಮಾನ್ರು ಬಾರಿನ ಇಬ್ರು ಗಂಡಸರನ್ನ ಕರಕೊಂಡು ಬಂದಿದ್ರು. "ಏ ಭಾವಾ, ಬಟ್ಟಿ ಯಾರು ಇಟ್ಟಿದ್ದು? ನೀನೋ, ನಿನ್ನ ತಂಗಿನೋ?" ಅಂದ್ರು. ಇವ್ರು, "ನಾನೇ ಇಟ್ಟೆ, ನಿನ್ನ ಗಾಡಿ ನಿಲ್ಲಲಿ ಅಂತನೇ ಇಟ್ಟೆ, ಅವಳಿಗೆ ಗೊತ್ತೇ ಇಲ್ಲ" ಅಂದ್ಬಿಟ್ರು. ಎಂಥಾ ಸುಳ್ಳು ನೋಡ್ರಿ! ಇಬ್ರು ಹಿಡಕೊಂಡ್ರು. ನಿಮ್ಮ ಯಜಮಾನ್ರು ಇವ್ರ ಬಲಗೈ ಪೆಟಗಿ ಮ್ಯಾಲ ಇಟ್ಟು, ಇವ್ರದೇ ಸುತ್ತಿಗಿ ತಗೊಂಡು ಜಜ್ಜಿದ್ರು. ಎಲುಬು ಒಡ್ದ ಸಪ್ಪಳ ನಾ ಕೇಳೀನಿ. ನಾವು ಹುಡುಗ್ರು ಕಬ್ಬಿಣದ ಪಾರಿ ಹಿಡಕೊಂಡು ಹೊರಗ ಬರೋದ್ರಾಗ ಕಾರು ಹೋಗಿತ್ತು. ದವಾಖಾನಿಯೊಳಗ ಎಲುಬಿಗೆ ತಂತಿ ಹಾಕ್ಯಾರ. ಕೈಯಾಗಿನ ಎರಡು ಬಟ್ಟು ಮಡಚಂಗಿಲ್ಲ ಅಂದಾರ. ಪೊಲೀಸ್ರಿಗೆ ಹೇಳೂಣು ಅಂದ್ರ, ಹುಡುಗಿ ಪರೀಕ್ಷಾ ಮುಗಿಲಿ ಅಂತಾರ. ನೀವು ಹೇಳ್ರಿ. ನಾ ಹೇಳೀನಿ ಅಂತ ಮಾತ್ರ ಹೇಳಬ್ಯಾಡ್ರಿ, ಮೊದಲೇ ಚಿಂತಿ ಮನಷ್ಯಾ.


ಡೊಂಬಿವಲಿ
21-2-2010

ಅಣ್ಣ,

ನಿನ್ನ ಪತ್ರವನ್ನು ಮಾಲಾ ಅವರ ಅಂಗಡಿಯ ಹಿಂದೆ ನಿಂತು ಓದಿದೆ. ಓದಿ ಅಲ್ಲೇ ಕುಳಿತೆ. ಅಂಬಾರಾಯರ ಮೇಲೆ ಸಿಟ್ಟಾಗಬೇಡ, ನಿನಗಿಂತ ಅವರು ಚೆನ್ನಾಗಿ ಬರೆಯುತ್ತಾರೆ, ಅರ್ಧ ಬಿಡುವುದಿಲ್ಲ.

ನಾನೂ ಬಿಡುವುದಿಲ್ಲ ಈಗ. ಬಟ್ಟೆಯ ವಿಚಾರ ಕೇಳಿದ ದಿವಸ ಅವ ನನ್ನನ್ನು ಕಪಾಟಿಗೆ ಎತ್ತಿ ಹಾಕಿದ. ಬಿದ್ದ ಮೇಲೆ ಒದ್ದ. ಪಕ್ಕೆಲುಬು ಒಂದು ಮುರಿದಿದೆ ಅಂತ ಡಾಕ್ಟರ್ ಚೀಟಿ ಕೊಟ್ಟಿದ್ದಾರೆ. ಮೆಟ್ಟಿಲಲ್ಲಿ ಬಿದ್ದೆ ಅಂತ ಅವರಿಗೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಯಾವ ಮೆಟ್ಟಿಲು?" ಅಂತ ಕೇಳಿದರು. ಹೇಳಿದೆ. ಅವ ಒದ್ದದ್ದು ಅಂತ ಇದ್ದ ಹಾಗೇ ಬರೆದುಕೊಂಡರು. ಒಂದು ವಾರದಿಂದ ಅವ ನನ್ನನ್ನು ಮುಟ್ಟಿಲ್ಲ, ಕುಡಿದು ಬಂದು ಮಲಗುತ್ತಾನೆ. ನಿನ್ನ ಕೈ ಒಡೆದು ತಣ್ಣಗಾಗಿದ್ದಾನೆ ಅಂತ ಈಗ ಗೊತ್ತಾಯಿತು. ನಿನ್ನ ಬೆರಳಿನ ಮೇಲೆ ನನ್ನ ಮಗಳು ಕೂತು ಓದುತ್ತಿದ್ದಾಳೆ ಅಣ್ಣ. ಅವಳಿಗೆ ಹೇಳಿಲ್ಲ. ಪರೀಕ್ಷೆಯ ಮೇಲೆ ಹೇಳುತ್ತೇನೆ.

ಕೊನೆಯ ಪೇಪರಿನ ದಿವಸ ಮನೆಗೆ ಬರುವುದಿಲ್ಲ. ಪರೀಕ್ಷೆಯ ಕೇಂದ್ರದ ಗೇಟಿನಿಂದ ನೇರ ಸ್ಟೇಷನ್, ಅಲ್ಲಿಂದ ದಿವಾ. ಒಂದು ಚೀಲ ಮಾಲಾ ಅವರ ಹತ್ತಿರ ಈಗಲೇ ಇಟ್ಟಿದ್ದೇನೆ. ಅಲ್ಲಿಯವರೆಗೆ ನೀನೂ ಬರೆಯಬೇಡ.

ನಳಿನಿ


ದಿವಾ
28-3-2010

ಅಣ್ಣ,

ನಾವು ಬಂದು ಮೂರನೇ ದಿವಸಕ್ಕೆ ಅವನೂ ಬಂದ. ಪ್ರೇಕ್ಷಾ ಗೆಳತಿಗೆ ಫೋನ್ ಮಾಡಿದ್ದಳು, ಆ ಹುಡುಗಿಯನ್ನು ಹೆದರಿಸಿ ಕೇಳಿದನಂತೆ. ಗಾಬರಿ ಆಗಬೇಡ, ಮೊದಲೇ ಹೇಳುತ್ತೇನೆ, ನಾವಿಬ್ಬರೂ ಇದ್ದೇವೆ.

ಸಂಜೆ, ನೀರು ಬರುವ ಹೊತ್ತು. ಚಾಳಿನವರೆಲ್ಲ ನಲ್ಲಿಯ ಹತ್ತಿರ. ಮೊದಲು ಮೆಲ್ಲಗೆ ಕರೆದ, "ನಳಿನೀ, ಬಾ, ಮನೆಗೆ ಹೋಗುವ." ನಾನು ಮೇಲಿನ ಚಿಲಕವನ್ನೂ ಹಾಕಿದೆ. ಆಮೇಲೆ ಬಾಗಿಲಿಗೆ ಒದ್ದ. ಕೆಳಗಿನ ಹಳೆಯ ಕೊಂಡಿ ಎರಡನೇ ಒದೆತಕ್ಕೇ ಕಿತ್ತು ಬಂತು. ನೀನು ಹಾಕಿದ ಮೇಲಿನ ಚಿಲಕ ತಡೆಯಿತು. ಒದ್ದು ಒದ್ದು ಸಾಕಾಗಿ ಕಿಟಕಿಯ ಸರಳಿನ ಒಳಗೆ ಕೈ ಹಾಕಿ ಪ್ರೇಕ್ಷಾಳ ಜಡೆ ಹಿಡಿದ. ತಲೆಯನ್ನು ಸರಳಿಗೆ ಬಡಿದ. ಅವಳ ಹಣೆ ಒಡೆಯಿತು. ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಅವಳು ನನ್ನನ್ನೇ ನೋಡಿದಳು.

ಒಲೆಯ ಮೇಲೆ ಕಬ್ಬಿಣದ ಕಾವಲಿ ಇತ್ತು, ಬಿಸಿ. ಸೆರಗಿನಲ್ಲಿ ಅದರ ಹಿಡಿಕೆ ಹಿಡಿದು ಅವನ ಕೈಯ ಮೇಲೆ ಹೊಡೆದೆ. ಜಡೆ ಬಿಡಲಿಲ್ಲ. ಮತ್ತೆ ಹೊಡೆದೆ. ಬಿಟ್ಟ. ಬಿಟ್ಟ ಮೇಲೂ ಹೊಡೆದೆ ಅಣ್ಣ. ಕೈ ಸರಳಿನ ಮಧ್ಯೆ ಸಿಕ್ಕಿಕೊಂಡಿತ್ತು, ಎಳೆದುಕೊಳ್ಳಲಿಕ್ಕೆ ಆಗುತ್ತಿರಲಿಲ್ಲ. ಅವ ಅಮ್ಮಾ ಅಂತ ಕೂಗುತ್ತಿದ್ದ, ಚರ್ಮ ಸುಟ್ಟ ವಾಸನೆ ಬರುತ್ತಿತ್ತು, ನಾನು ಹೊಡೆಯುತ್ತಲೇ ಇದ್ದೆ. ಪ್ರೇಕ್ಷಾ ನನ್ನ ತೋಳು ಹಿಡಿದು, "ಬಸ್ ಮಮ್ಮಿ, ಬಸ್, ಸಾಕು" ಅಂದ ಮೇಲೆ ಕೈ ನಿಂತಿತು.

ಅಷ್ಟರಲ್ಲಿ ಅಂಬಾರಾಯರ ಹೆಂಡತಿ ಚಂದವ್ವ ಕೊಡ ಬಿಸಾಡಿ ಓಡಿ ಬಂದಳು. "ಯಾವ ಭಾಡ್ಯಾ ಅವ ನಮ್ಮ ಚಾಳಿಗೆ ಬಂದಾವ?" ಅಂತ ಅವಳು ಕೂಗಿದ್ದಕ್ಕೆ ಇಡೀ ಓಣಿ ಸೇರಿತು. ಅವರು ಅವನಿಗೆ ಕೊಟ್ಟ ಪೆಟ್ಟನ್ನು ನಾನು ನೋಡಲಿಲ್ಲ, ಕೇಳಿಸಿಕೊಂಡೆ. ಆಮೇಲೆ ಅವರೇ ಅವನನ್ನು ಪೊಲೀಸರಿಗೆ ಒಪ್ಪಿಸಿದರು. ನಾನೂ ಹೋಗಿ ದೂರು ಬರೆಸಿದೆ. ಪಕ್ಕೆಲುಬಿನದ್ದು, ಒಲೆಯದ್ದು, ನಿನ್ನ ಕೈಯದ್ದು, ಎಲ್ಲ. ಈ ಸಲ ಯಾವುದೂ ಜಾರಿ ಬಿದ್ದದ್ದಲ್ಲ.

ಪ್ರೇಕ್ಷಾಳ ಹಣೆಗೆ ಹೊಲಿಗೆ ಹಾಕಿದ್ದಾರೆ. ಮಲಗಿದ್ದಾಳೆ. ನನಗೆ ಮಾತ್ರ ಕಾವಲಿಯ ಹಿಡಿಕೆ ಇನ್ನೂ ಕೈಯಲ್ಲೇ ಇದ್ದ ಹಾಗೆ.

ನಳಿನಿ


ಕೋಪರಖೈರಣೆ
31-3-2010

ತಂಗಿ ನಳಿನಿಗೆ,

ಇದು ನನ್ನದೇ ಅಕ್ಷರ. ಎಡಗೈಯದ್ದು, ಒಂದನೇ ಕ್ಲಾಸಿನ ಮಗುವಿನ ಹಾಗೆ ಉಂಟು, ನಗಬೇಡ.

ನಿನ್ನ ಕಾಗದ ಓದಿ ಹೆದರಿಕೆ ಆಯಿತು. ಓದ್ತಾ ಓದ್ತಾ ಖುಷಿಯೂ ಆಯಿತು. ಖುಷಿ ಆಯಿತಲ್ಲ ಅಂತ ಮತ್ತೆ ಹೆದರಿಕೆ. ಬಿಟ್ಟ ಮೇಲೂ ಹೊಡೆದೆ ಅಂತ ಬರೆದಿದ್ದೀ. ಅದನ್ನು ಪೊಲೀಸರಿಗೆ ಹೇಳಿದಿಯಾ? ವಕೀಲರ ಹತ್ತಿರ ಕೇಳದೆ ಹೇಳಬೇಡ. ನನ್ನ ಹತ್ತಿರ ಹೇಳಿದ್ದು ಸರಿ. ಅದು ಇಲ್ಲೇ ಇರ್ತದೆ. ನನ್ನ ಮನಸ್ಸಿನಲ್ಲಿ ಬ್ರೇಕಿನ ಬೋಲ್ಟ್ ಕೂತ ಹಾಗೆ ನಿನ್ನ ಕೈಯಲ್ಲಿ ಆ ಕಾವಲಿ ಕೂತುಬಿಡಬಾರದು. ಬೇರೆ ಕಾವಲಿ ತೆಗೆದುಕೋ. ಆ ಹಳೆಯದರಲ್ಲಿ ದೋಸೆ ಹೊಯ್ಯಬೇಡ.

ಜಾಮೀನು ಸಿಕ್ಕಿದರೆ ಮತ್ತೆ ಬರ್ತಾನಾ ಅಂತ ಅಂಬಾರಾಯನನ್ನು ಕೇಳಿದೆ. "ಬರಲಿ ಬಿಡ್ರಿ, ನಮ್ಮ ಚಂದವ್ವ ಅವನ ಮ್ಯಾಲ ಒಗಿಲಾಕ ಕೊಡ ಖಾಲಿ ಇಟಗೊಂಡಾಳ" ಅಂದ. ಅವನಿಗೆ ಎಲ್ಲವೂ ನಗೆ. ನನಗೆ ನಗು ಬರಲಿಲ್ಲ. ಬರ್ತಾನೆ ಅಂತಲೇ ಇಟ್ಟುಕೋ. ಕಿಟಕಿಗೆ ಜಾಲರಿ ಹೊಡೆಯಲಿಕ್ಕೆ ಭಾನುವಾರ ಬರ್ತೇನೆ, ಕೈ ಹೋಗದ ಹಾಗೆ ಸಣ್ಣ ಕಣ್ಣಿನದ್ದು. ಅಲ್ಲಿಯವರೆಗೆ ಕಿಟಕಿಯ ಹತ್ತಿರ ಪ್ರೇಕ್ಷಾಳನ್ನು ಕೂರಿಸಬೇಡ. ಜಡೆ ಹಾಕುವುದಾದರೆ ಮೇಲೆ ಕಟ್ಟು.

ಇನ್ನೊಂದು. ಎರಡು ದಿವಸದಿಂದ ಇದೇ ತಲೆಯಲ್ಲಿ ಉಂಟು. ಆ ಮೇಲಿನ ಚಿಲಕಕ್ಕೆ ನಾಲ್ಕು ಸ್ಕ್ರೂ. ತಾನು ಹಾಕ್ತೇನೆ ಅಂತ ಅಂಬಾರಾಯ ಬಂದಿದ್ದ, ನಾನು ಬಿಡಲಿಲ್ಲ, ಈ ಬಾಗಿಲಿಗೆ ನಾನೇ ಅಂದೆ. ಎಲ್ಲವನ್ನೂ ಎಡಗೈಯಲ್ಲೇ ತಿರುಗಿಸಿದ್ದು. ಮೂರು ಮರ ಕಚ್ಚಿದ್ದು ಗೊತ್ತಾಯಿತು. ಕೆಳಗಿನ ಬಲಬದಿಯದ್ದು ಕೊನೆಗೆ ಕೈ ಸೋತು ಅರ್ಧಕ್ಕೇ ನಿಂತಿತಾ, ಪೂರ್ತಿ ಹೋಯಿತಾ, ನೆನಪಾಗುವುದಿಲ್ಲ. ಅವ ಅಷ್ಟು ಒದ್ದ ಮೇಲೆ ಅದು ಮೇಲೆ ಎದ್ದಿರಲೂಬಹುದು. ಒಂದು ರೂಪಾಯಿಯ ನಾಣ್ಯ ಅದರ ಸೀಳಿಗೆ ಇಟ್ಟು ಬಲಕ್ಕೆ ತಿರುಗಿಸಿ ನೋಡು. ಒಮ್ಮೆ ನೋಡಿದ್ದೇನೆ ಅನ್ನಬೇಡ. ಇನ್ನೊಮ್ಮೆ ನೋಡಿ ಬರೆ.

ಪೂವಪ್ಪ